ವಸ್ತಿ ಅದೀರೇನು?

ಸಂಜೆ ಏಳರ ಮೇಲೆ ದಾವಣಗೆರೆಯಲ್ಲಿ ಹಳ್ಳಿ ಬಸ್ಸುಗಳು ನಿಲ್ಲುವ ಕಡೆ ಹೋದರೆ ಒಂದು ಪ್ರಶ್ನೆ ಮೇಲಿಂದ ಮೇಲೆ ಕಿವಿಗೆ ಬೀಳುತ್ತದೆ: 'ವಸ್ತಿ ಬಸ್ಸು ಹೋತೇನ್ರಿ?' ರಾತ್ರಿ ಹಳ್ಳಿಗೆ ಹೋಗಿ, ಅಲ್ಲೇ ನಿಂತು, ಬೆಳಗಿನ ಮೊದಲ ಟ್ರಿಪ್ಪಿಗೆ ಪೇಟೆಗೆ ಹೊರಡುವ ಬಸ್ಸು ಅದು. ಡಿಪೋದವರು ನೈಟ್ ಹಾಲ್ಟ್ ಅನ್ನುತ್ತಾರೆ. ಹಳ್ಳಿಯವರ ಬಾಯಲ್ಲಿ ಮಾತ್ರ ಬಸ್ಸು ಬೀಗರ ಹಾಗೆ ವಸ್ತಿ ಬರುತ್ತದೆ, ವಸ್ತಿ ಇರುತ್ತದೆ. 'ಈವತ್ತು ವಸ್ತಿ ಬರಂಗಿಲ್ಲಂತೆ' ಎಂದು ಸುದ್ದಿಯಾದರೆ ಊರಿನ ಮುಖ ಸಪ್ಪಗಾಗುತ್ತದೆ. ವಸ್ತಿ ತಪ್ಪಿದರೆ ಕಾಲೇಜಿನ ಹುಡುಗರ ಮೊದಲ ಕ್ಲಾಸು, ದೊಡ್ಡಾಸ್ಪತ್ರೆಯ ಚೀಟಿ, ಸಂತೆಯ ಸೊಪ್ಪಿನ ಗಂಟು ಎಲ್ಲವೂ ತಪ್ಪುತ್ತವೆ. ಡ್ರೈವರು ಕಂಡಕ್ಟರಿಗೆ ಮಲಗುವಷ್ಟು ಜಾಗ, ಒಂದು ಚೊಂಬು ನೀರು ಕೊಟ್ಟು ಊರು ಮಾರನೆಯ ಬೆಳಗನ್ನು ಖಾತ್ರಿ ಮಾಡಿಕೊಳ್ಳುತ್ತದೆ.

ಬಳ್ಳಾರಿ ಸೀಮೆಯಿಂದ ಮೇಲಕ್ಕೆ ವಿಜಾಪುರದವರೆಗೆ ಈ ಪದಕ್ಕೆ ಕೈತುಂಬ ಕೆಲಸವಿದೆ. ಜೋಳ ತೆನೆಗಟ್ಟಿದ ಮೇಲೆ ಗಂಡಸರು ಹೊಲಕ್ಕೆ ವಸ್ತಿ ಹೋಗುತ್ತಾರೆ. ಹರಕೆ ಹೊತ್ತವರು ಗುಡಿಯಲ್ಲಿ ಅಮಾವಾಸ್ಯೆ ವಸ್ತಿ ಮಾಡುತ್ತಾರೆ. ವಿಜಾಪುರದ ಕಡೆ ಹೊಲದಲ್ಲೇ ಮನೆ ಕಟ್ಟಿಕೊಂಡ ನಾಲ್ಕಾರು ಕುಟುಂಬಗಳ ಜಾಗಕ್ಕೂ ವಸ್ತಿ ಎಂದೇ ಹೆಸರು; ಅದು ಮರಾಠಿ ನೆರೆಯ ಪ್ರಭಾವ. ಮೈಸೂರು ಕಡೆಯವರಿಗೆ ಹೆಚ್ಚು ಪರಿಚಯವಿರುವುದು ವಸತಿ. ವಸತಿ ಶಾಲೆ, ವಸತಿ ಯೋಜನೆ, ವಸತಿ ಸಚಿವರು.

ಎರಡೂ ಒಂದೇ ಪದ. ನಡುವಿನ ಒಂದು ಅಕಾರ ಉದುರಿದೆ, ಉದುರುವಾಗ ಗೋಡೆ, ಸೂರು, ಹಕ್ಕುಪತ್ರಗಳನ್ನೂ ಜೊತೆಗೆ ಕೊಂಡೊಯ್ದಿದೆ. ವಸತಿ ಎಂದರೆ ಮನೆ. ವಸ್ತಿ ಎಂದರೆ ಒಂದು ರಾತ್ರಿ. ಇದನ್ನು ಹಳ್ಳಿಬಾಯಿಯ ಸವಕಳಿ ಎಂದು ತಳ್ಳಿಹಾಕುವವರು ಅಮರಕೋಶ ತೆರೆದು ನೋಡಲಿ. ಅಲ್ಲಿ ವಸತಿಗೆ ರಾತ್ರಿ, ಮನೆ ಎರಡೂ ಅರ್ಥಗಳಿವೆ. ಹಂಚಿಕೆಯಾದಾಗ ಸರ್ಕಾರ ಮನೆಯನ್ನು ಇಟ್ಟುಕೊಂಡಿತು, ಒಕ್ಕಲಿಗ ರಾತ್ರಿಯನ್ನು ತೆಗೆದುಕೊಂಡ. ಮೂರನೆಯ ಪಾಲುದಾರ ಬಸದಿ. ಊರೂರು ತಿರುಗುವ ಜೈನ ಮುನಿಗಳು ತಂಗುತ್ತಿದ್ದ ವಸತಿಯೇ ಪ್ರಾಕೃತದ ದಾರಿಯಲ್ಲಿ ಬಂದು ಬಸದಿ, ಬಸ್ತಿ ಆಯಿತು. ಒಂದೆಡೆ ನಿಲ್ಲಬಾರದೆಂಬ ವ್ರತದವರ ತಂಗುದಾಣ ಕಲ್ಲಿನ ಕಟ್ಟಡವಾಗಿ ನಿಂತುಬಿಟ್ಟಿದೆ.

ನಾನು ಈ ಪದವನ್ನು ಸರಿಯಾಗಿ ಕೇಳಿಸಿಕೊಂಡದ್ದು ಉಚ್ಚಂಗಿದುರ್ಗದಲ್ಲಿ. ಹರಪನಹಳ್ಳಿ ತಾಲ್ಲೂಕಿನ ಬಂಡೆಗುಡ್ಡ, ಮೇಲೆ ಕೋಟೆ, ಕೋಟೆಯೊಳಗೆ ಉಚ್ಚೆಂಗಮ್ಮ, ಬುಡದಲ್ಲಿ ಊರು. ಹಿಂದೆಲ್ಲ ಹೋದಾಗ ಹುಣ್ಣಿಮೆ ಮಂದಿಯ ಜೊತೆ ಒಂದಿರುಳು ಕಳೆದು ಬರುತ್ತಿದ್ದೆ, ನೋಡಿದ್ದು ಸಾಲದೆನಿಸುತ್ತಿತ್ತು. ಈ ಸಲ ಮಳೆಗಾಲ ಪೂರ್ತಿ ಇರಬೇಕೆಂದು ಗುಡ್ಡದ ಬುಡದಲ್ಲೇ ಎರಡು ಅಂಕಣದ ಮನೆ ಬಾಡಿಗೆಗೆ ಹಿಡಿದೆ. ಚಹದ ಅಂಗಡಿಯವನು ಮೊದಲ ದಿನವೇ ವಿಚಾರಿಸಿದ.

'ವಸ್ತಿ ಅದೀರೇನ್ ಸಾರ್?'

'ಅದೀನಿ. ದೀಪಾವಳಿ ತನಕ.'

'ದೀಪಾವಳಿ ತನಕ ಇದ್ರೆ ಅದು ವಸ್ತಿ ಹೆಂಗಾಗ್ತೈತ್ರಿ?' ಎಂದು ಆತ ನಕ್ಕ. 'ಸಾಲಿಗೆ ವರ್ಗ ಆಗಿ ಬಂದೀರೇನು?'

ಮೇಷ್ಟರಲ್ಲ, ಬೀಗನಲ್ಲ, ಹರಕೆಯವನೂ ಅಲ್ಲ ಎಂದಮೇಲೆ ನನಗೆ ಹೊಂದುವ ಪದ ಅವನ ಹತ್ತಿರ ಇರಲಿಲ್ಲ. ನನ್ನ ಹತ್ತಿರವೂ ಇರಲಿಲ್ಲ. ಇಟಲಿಯವರಲ್ಲಿ ವಿಲ್ಲೆಜಾತೂರಾ ಎಂಬ ಮಾತಿದೆ: ಪಟ್ಟಣದ ಮನೆಗೆ ಬೀಗ ಹಾಕಿ ಬೇಸಿಗೆಯ ತಿಂಗಳುಗಳನ್ನು ಹಳ್ಳಿಯಲ್ಲೋ ಬೆಟ್ಟದಲ್ಲೋ ಕಳೆಯುವುದು. ಗೋಲ್ಡೋನಿ 1761ರಲ್ಲಿ ಅದರ ಮೇಲೆ ಮೂರು ನಾಟಕ ಬರೆದ. ಸಾಲ ಮಾಡಿಯಾದರೂ ಹೋಗಲೇಬೇಕೆನ್ನುವ ಪಟ್ಟಣಿಗರ ಗೇಲಿ. ನಮ್ಮ ಸೀಮೆಯಲ್ಲಿ ಆ ಶೋಕಿ ಮಾಡಿದವರು ಬಳ್ಳಾರಿ ದಂಡಿನ ಬಿಳಿಯರು, ಸಂಡೂರಿನ ರಾಮಗಡದಲ್ಲಿ. ಅಲ್ಲಿ ತಂಪಿತ್ತು. ಉಚ್ಚಂಗಿಯ ಬಂಡೆ ಹಗಲು ಕಾದು ರಾತ್ರಿಯಿಡೀ ಬಿಸಿ ಉಗುಳುತ್ತದೆ. ಹವಾ ತಿನ್ನಲು ಇಲ್ಲಿಗೆ ಯಾರೂ ಬಂದವರಲ್ಲ.

ಬಂದವರೆಲ್ಲ ವಸ್ತಿಯವರೇ. ಭರತ ಹುಣ್ಣಿಮೆಗೂ ಯುಗಾದಿಗೂ ದಾವಣಗೆರೆ, ಹಾವೇರಿ, ಶಿವಮೊಗ್ಗ, ಚಿತ್ರದುರ್ಗದ ಕಡೆಯಿಂದ ಟ್ರ್ಯಾಕ್ಟರು, ಟೆಂಪೋ ತುಂಬ ಜನ ಬಂದು, ಬಯಲಲ್ಲಿ ಒಲೆ ಹೂಡಿ, ಎಡೆ ಮಾಡಿ, ಮಾರನೆಯ ದಿನ ಜಾಗ ಖಾಲಿ ಮಾಡುತ್ತಾರೆ. ಅರಸರದ್ದೂ ಇದೇ ಲೆಕ್ಕ. ಗಂಗರ ಮಾರಸಿಂಹ ಹತ್ತನೆಯ ಶತಮಾನದಲ್ಲಿ ನೊಳಂಬರ ಮೇಲೆ ಬಿದ್ದು ಈ ಕೋಟೆ ಹಿಡಿದ, ನೊಳಂಬಕುಲಾಂತಕ ಎಂಬ ಬಿರುದು ಕಟ್ಟಿಕೊಂಡ, ಹೋದ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಕೂಗೆ ಬ್ರಹ್ಮದೇವರ ಕಂಬದ ಶಾಸನ ಅವನ ಸಾಹಸಗಳನ್ನು ಹೇಳುತ್ತದೆ. ಅದೇ ಬೆಟ್ಟದ ಮೇಲೆ ಅವನ ದಂಡನಾಯಕನ ಹೆಸರಿನ ಚಾವುಂಡರಾಯ ಬಸದಿಯಿದೆ. ದಂಡೆತ್ತಿ ಬಂದವರ ವಸ್ತಿ ಇಲ್ಲಿ, ಬಸ್ತಿ ಅಲ್ಲಿ. ಆಮೇಲೆ ಬಂದ ಹೊಯ್ಸಳ ವೀರಬಲ್ಲಾಳನೂ ಉಚ್ಚಂಗಿಯ ಪಾಂಡ್ಯರನ್ನು ಮಣಿಸಿದ. ಗಿರಿದುರ್ಗಮಲ್ಲ ಎಂಬ ಅವನ ಬಿರುದನ್ನು ಈ ಗುಡ್ಡದ ಲೆಕ್ಕಕ್ಕೆ ಬರೆಯುವುದು ವಾಡಿಕೆ.

ಅಷ್ಟೇಕೆ, ಊರು ಕದಲದೆ ಕೂತಲ್ಲೇ ವಸ್ತಿ ಬದಲಿಸಿದೆ. 1953ರವರೆಗೆ ಮದರಾಸು ಸರ್ಕಾರದ ಬಳ್ಳಾರಿಯಲ್ಲಿ, ಆಮೇಲೆ ಮೈಸೂರು ರಾಜ್ಯದ ಬಳ್ಳಾರಿಯಲ್ಲಿ, 1997ರಲ್ಲಿ ದಾವಣಗೆರೆಯಲ್ಲಿ, ಸಂವಿಧಾನದ 371(ಜೆ) ವಿಧಿಯ ಸವಲತ್ತು ಬೇಕೆಂದು ಹೋರಾಡಿ ಮತ್ತೆ ಬಳ್ಳಾರಿಯಲ್ಲಿ, 2021ರಿಂದ ವಿಜಯನಗರದಲ್ಲಿ. ಬಸ್ಸು, ಸಂತೆ, ಆಸ್ಪತ್ರೆ ಮಾತ್ರ ದಾವಣಗೆರೆಯವೇ.

ಚಹದವನು ಎರಡು ವಾರ ಕಳೆದ ಮೇಲೆ ತಾನೇ ಒಂದು ಪದ ಗೊತ್ತು ಮಾಡಿದ. 'ಸಾರ್ ಇಲ್ಲೇ ಬಿಡಾರ ಹೂಡ್ಯಾರ.' ನನಗೆ ಖುಷಿಯಾಯಿತು, ಪದದ ದೆಸೆಯಿಂದ. ಬಿಡು ಎಂಬ ಧಾತು ಎತ್ತಿನ ಕೊರಳಿನ ಮಾತು: ನೊಗ ಕಳಚಿ ಎತ್ತು ಬಿಟ್ಟ ಜಾಗ ಬಿಡಾರ. ಶಾಸನಗಳ ಬೀಡು, ನೆಲೆವೀಡುಗಳೂ ಅದರ ಮಕ್ಕಳೇ. ರಾಜಧಾನಿ ಅಂದರೂ ದಂಡು ಎತ್ತು ಬಿಟ್ಟು ನಿಂತ ಜಾಗವೇ. ಬಿಡುವುದರ ಎದುರು ಪದ ಹೂಡುವುದು. ಬಿಡಾರವನ್ನು ಹೂಡುತ್ತೇವೆ ಅನ್ನುವಾಗ ಎತ್ತು ಬಿಟ್ಟಂತೆಯೂ ಕಟ್ಟಿದಂತೆಯೂ ಆಗುತ್ತದೆ. ನಾಟಕ ಕಂಪನಿಯವರಿಗೆ, ರಸ್ತೆ ಕೆಲಸದವರಿಗೆ ಅಂಟಿದ ಈ ಮಾತಿನಲ್ಲಿ ನನಗೂ ಒಂದು ಮೂಲೆ ಸಿಕ್ಕಿತು.

ಆದರೆ ಈ ಗುಡ್ಡದ ಬುಡದಲ್ಲಿ ಬಿಡು ಎಂಬ ಪದವನ್ನು ಹಗುರಾಗಿ ಆಡಲಾಗದು. ದೇವರಿಗೆ ಬಿಡುವುದು ಎಂಬ ಮಾತೂ ಇಲ್ಲಿಯದೇ. ಭರತ ಹುಣ್ಣಿಮೆಗೆ ವಸ್ತಿ ಬಂದ ತಂದೆತಾಯಿಗಳ ಜೊತೆ ಬಂದ ಹುಡುಗಿಗೆ ಮುತ್ತು ಕಟ್ಟಿದರೆ, ಅವರು ಬೆಳಿಗ್ಗೆ ಗಾಡಿ ಹೂಡಿಕೊಂಡು ಹೋಗುತ್ತಿದ್ದರು; ಅವಳ ಒಂದು ರಾತ್ರಿ ಮಾತ್ರ ಬಾಳಿಡೀ ಮುಗಿಯುತ್ತಿರಲಿಲ್ಲ. ಬಹುಪಾಲು ದಲಿತರ ಮನೆಯ ಹುಡುಗಿಯರು. 1982ರ ದೇವದಾಸಿ ನಿಷೇಧ ಕಾಯಿದೆ ಮುತ್ತು ಕಟ್ಟುವುದನ್ನು ಅಪರಾಧ ಮಾಡಿತು. ಈಗ ಹುಣ್ಣಿಮೆಯ ಹೊತ್ತಿಗೆ ಅಧಿಕಾರಿಗಳು ಕಾವಲು ಹಾಕುತ್ತಾರೆ, ಎಚ್ಚರಿಕೆಯ ಫಲಕ ಕಟ್ಟುತ್ತಾರೆ. ಮುತ್ತು ಕಟ್ಟಿಸಿಕೊಂಡು ಮುದುಕಿಯರಾದವರು ಈ ಸೀಮೆಯ ಊರುಗಳಲ್ಲಿ ಇನ್ನೂ ಇದ್ದಾರೆ, ಮಾಸಾಶನಕ್ಕೆ ಅರ್ಜಿ ಹಿಡಿದು ಅಲೆಯುತ್ತಾರೆ. 'ಉಚ್ಚೆಂಗಮ್ಮಗ ಬಿಟ್ಟೋರು' ಎಂದು ಯಾರಾದರೂ ಸಹಜವಾಗಿ ಅಂದಾಗ ಬಿಡಾರ, ಬೀಡು ಎಂಬ ನನ್ನ ಪದವಿನೋದ ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ.

ಹಾಗಾಗಿ ನಾನು ಮರಳಿ ವಸ್ತಿಗೇ ಬಂದಿದ್ದೇನೆ. ಅದರಲ್ಲಿ ಯಾರನ್ನೂ ಬಿಡುವುದಿಲ್ಲ, ಕಟ್ಟುವುದೂ ಇಲ್ಲ. ಒಂದು ತೊಂದರೆಯೆಂದರೆ ಅದು ಒಂದೇ ರಾತ್ರಿಗೆ ಆಗುವ ಪದ, ದಿನವೂ ನವೀಕರಿಸಬೇಕು. ನಮ್ಮ ಓಣಿಯಲ್ಲಿ ಆ ಕೆಲಸವನ್ನು ಎಮ್ಮೆ ಕಟ್ಟಿರುವ ಅಕ್ಕ ವಹಿಸಿಕೊಂಡಿದ್ದಾಳೆ. ನಾನು ಬಾಡಿಗೆ ಕೊಡುತ್ತಿರುವುದು, ಹಿತ್ತಲಲ್ಲಿ ಮೆಂತ್ಯ ಹಾಕಿರುವುದು ಅವಳಿಗೆ ಗೊತ್ತು. ಆದರೂ ಹೊತ್ತು ಮುಳುಗುತ್ತಲೇ ಬಾಗಿಲಿಗೆ ಬಂದು ಕೇಳುತ್ತಾಳೆ:

'ಅಣ್ಣಾ, ಇವತ್ತು ವಸ್ತಿ ಅದೀರೋ, ದಾವಣಗೇರಿಗೆ ಹೊಂಟೀರೋ?'

ಅದೀನಿ ಅಂದರೆ ಬೆಳಿಗ್ಗೆ ಅರ್ಧ ಲೀಟರು. ಹೊಂಟೀನಿ ಅಂದರೆ ಅಷ್ಟನ್ನೂ ಡೇರಿಗೆ ಹಾಕುತ್ತಾಳೆ.