ಲೋವರಿಂಗ್ ಸ್ಪ್ರಿಂಗ್

ಲೋವರಿಂಗ್ ಸ್ಪ್ರಿಂಗ್ ಎಂಬುದು ಕಾರಿನ ಎತ್ತರವನ್ನು ತಗ್ಗಿಸಲು ಮೂಲ ಸ್ಪ್ರಿಂಗಿನ ಬದಲು ಅಳವಡಿಸುವ, ಅದಕ್ಕಿಂತ ಗಿಡ್ಡವೂ ಸಾಮಾನ್ಯವಾಗಿ ಹೆಚ್ಚು ಬಿಗಿಯೂ ಆದ ಸುರುಳಿ ಸ್ಪ್ರಿಂಗ್.

ಹೊಂದಾಣಿಕೆ

ಸ್ಪ್ರಿಂಗ್ ಕಾರಿನ ಭಾರವನ್ನು ಹೊರುತ್ತದೆ. ಶಾಕ್ ಅಬ್ಸಾರ್ಬರ್ ಅದರ ಕುಲುಕಾಟವನ್ನು ಅಡಗಿಸುತ್ತದೆ. ಸ್ಟ್ರಟ್ ಇದರೊಂದಿಗೆ ಚಕ್ರವನ್ನು ಸ್ವಸ್ಥಾನದಲ್ಲಿ ಹಿಡಿದಿಡಲೂ ನೆರವಾಗುತ್ತದೆ. ಸ್ಪ್ರಿಂಗ್ ಶೇ. 44ರಷ್ಟು ಬಿಗಿಯಾದರೆ, ಕಾರು ಮೊದಲಿನಷ್ಟೇ ಸಲ ಕುಲುಕಿ ನಿಲ್ಲಲು ಶಾಕ್ ಅಬ್ಸಾರ್ಬರಿನ ತಡೆ ಶೇ. 20ರಷ್ಟು ಹೆಚ್ಚಬೇಕು. ಮೂಲ ಶಾಕ್ ಅಬ್ಸಾರ್ಬರನ್ನೇ ಉಳಿಸಿಕೊಂಡರೆ ಕುಲುಕಾಟ ಹೆಚ್ಚುತ್ತದೆ. ಅದುಮಿಕೊಳ್ಳಲು ಸ್ಥಳ ಸಾಲದೆ ರಸ್ತೆಯುಬ್ಬುಗಳಲ್ಲಿ ಅದು ಬಂಪ್ ಸ್ಟಾಪಿಗೆ ಬಡಿಯುತ್ತದೆ. ಆದ್ದರಿಂದ ತಕ್ಕ ಉದ್ದ ಹಾಗೂ ತಡೆಯುಳ್ಳದ್ದನ್ನು ಜೋಡಿಸಿ, ಚಕ್ರಗಳ ಅಲೈನ್‌ಮೆಂಟ್ ಸರಿಪಡಿಸಬೇಕಾಗುತ್ತದೆ.

ಕಾನೂನು

ಭಾರತದಲ್ಲಿ 1988ರ ಮೋಟಾರು ವಾಹನಗಳ ಕಾಯ್ದೆಯ 52ನೆಯ ಪ್ರಕರಣವು, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ.