ತುರ್ಕಿ ಮಹಾಯುದ್ಧಕ್ಕೆ ಹೋದದ್ದು ಹೇಗೆ?

ಮೊದಲ ಮಹಾಯುದ್ಧದಲ್ಲಿ ಬ್ರಿಟನ್ ಮತ್ತು ಅದರ ಮಿತ್ರರು ಸೇರಿ ಉಸ್ಮಾನಿಯಾ ಸಾಮ್ರಾಜ್ಯವನ್ನು ಛಿದ್ರಗೊಳಿಸಿದರು ಎಂದು ನಾವೆಲ್ಲ ಓದಿದ್ದೇವೆ. ಅದು ಸುಳ್ಳಲ್ಲ. ಯುದ್ಧ ನಡೆಯುತ್ತಿರುವಾಗಲೇ, 1916ರಲ್ಲಿ, ಬ್ರಿಟನ್ ಮತ್ತು ಫ್ರಾನ್ಸ್ ಅರಬ್ ನಾಡುಗಳನ್ನು ಗುಟ್ಟಾಗಿ ಹಂಚಿಕೊಂಡಿದ್ದವು. ಮರುವರ್ಷ ಬಾಲ್ಫೋರ್ ಘೋಷಣೆ ಹೊರಬಿತ್ತು. ಆದರೆ ಈ ಕಥೆ ಹೇಳುವಾಗ ಒಂದು ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ಬಿಟ್ಟುಬಿಡುತ್ತೇವೆ. ತುರ್ಕಿ ಆ ಯುದ್ಧಕ್ಕೆ ಇಳಿಯಬೇಕೆಂದು ತೀರ್ಮಾನಿಸಿದವರು ಯಾರು?

1914ರಲ್ಲಿ ತುರ್ಕಿ ಯುದ್ಧ ಮಾಡುವ ಸ್ಥಿತಿಯಲ್ಲಿರಲಿಲ್ಲ. ಲಿಬಿಯಾ ಇಟಲಿಯ ಪಾಲಾಗಿತ್ತು. 1912-13ರ ಬಾಲ್ಕನ್ ಯುದ್ಧಗಳಲ್ಲಿ ಯುರೋಪಿನ ಪ್ರಾಂತಗಳು ಬಹುತೇಕ ಕೈಬಿಟ್ಟಿದ್ದವು. ಅಲ್ಲಿಂದ ಓಡಿಬಂದ ಮುಸ್ಲಿಮ್ ನಿರಾಶ್ರಿತರಿಗೆ ಇಸ್ತಾಂಬುಲಿನ ಮಸೀದಿಗಳೇ ಆಸರೆಯಾಗಿದ್ದವು. ಖಜಾನೆ ಬರಿದಾಗಿತ್ತು. ಖಲೀಫರಾಗಿದ್ದ ಸುಲ್ತಾನ್ ಐದನೆಯ ಮುಹಮ್ಮದ್ ರಶಾದ್ ಹೆಸರಿಗಷ್ಟೇ ಅರಸರು. ನಿಜವಾದ ಅಧಿಕಾರ ಯುವ ತುರ್ಕರ ಸಮಿತಿಯ ಕೈಯಲ್ಲಿತ್ತು. ಯುದ್ಧ ಮಂತ್ರಿ ಅನ್ವರ್ ಪಾಶಾರಿಗೆ ಆಗ 32 ವರ್ಷ.

ಅವರ ಭಯಕ್ಕೆ ಕಾರಣವಿತ್ತು ಎಂಬುದನ್ನೂ ಹೇಳಬೇಕು. ರಶ್ಯದ ಕಣ್ಣು ಬಹುಕಾಲದಿಂದ ಇಸ್ತಾಂಬುಲಿನ ಜಲಸಂಧಿಗಳ ಮೇಲಿತ್ತು. ಒಂಟಿಯಾಗಿ ಉಳಿದರೆ ಉಳಿಗಾಲವಿಲ್ಲ ಎಂದು ಯುವ ತುರ್ಕರು ನಂಬಿದ್ದರು. ಜುಲೈಯಲ್ಲಿ ನೌಕಾ ಮಂತ್ರಿ ಜಮಾಲ್ ಪಾಶಾ ಫ್ರಾನ್ಸಿನ ಸ್ನೇಹ ಬೇಡಿ ಪ್ಯಾರಿಸಿಗೆ ಹೋಗಿ ಬರಿಗೈಯಲ್ಲಿ ಮರಳಿದರು. ಕೊನೆಗೆ ಉಳಿದದ್ದು ಜರ್ಮನಿ.

1914ರ ಆಗಸ್ಟ್ 2ರಂದು ಪ್ರಧಾನ ವಜೀರ ಸಈದ್ ಹಲೀಮ್ ಪಾಶಾ ಜರ್ಮನಿಯೊಂದಿಗೆ ಗುಪ್ತ ಒಪ್ಪಂದಕ್ಕೆ ಸಹಿ ಹಾಕಿದರು. ಇದನ್ನು ಮೊದಲೇ ತಿಳಿದಿದ್ದವರು ಬೆರಳೆಣಿಕೆಯ ಜನ: ಸಈದ್ ಹಲೀಮ್, ಅನ್ವರ್, ಗೃಹ ಮಂತ್ರಿ ತಲ್‌ಅತ್ ಮತ್ತು ಸಂಸತ್ತಿನ ಅಧ್ಯಕ್ಷ ಖಲೀಲ್ ಬೇ. ಜಮಾಲ್ ಪಾಶಾರಿಗಾಗಲಿ, ಹಣಕಾಸು ಮಂತ್ರಿ ಜಾವೀದ್ ಬೇಗಾಗಲಿ ತಿಳಿದದ್ದು ಆಮೇಲೆ. ಸಂಸತ್ತಿನ ಅಧ್ಯಕ್ಷರಿಗೆ ಗೊತ್ತಿತ್ತು, ಸಂಸತ್ತಿಗೆ ಗೊತ್ತಿರಲಿಲ್ಲ! ಗೊತ್ತಾಗುವ ಅವಕಾಶವನ್ನೂ ಕೊಡಲಿಲ್ಲ. ಅದೇ ದಿನಗಳಲ್ಲಿ ಅಧಿವೇಶನವನ್ನು ಮುಂದೂಡಿ ಸದಸ್ಯರನ್ನು ಮನೆಗೆ ಕಳುಹಿಸಲಾಯಿತು.

ಜನರ ಸಿಟ್ಟನ್ನು ಜರ್ಮನಿಯ ಕಡೆ ತಿರುಗಿಸಿಕೊಟ್ಟದ್ದು ಬ್ರಿಟನ್. ತುರ್ಕಿಗಾಗಿ ಇಂಗ್ಲೆಂಡಿನಲ್ಲಿ ಎರಡು ದೊಡ್ಡ ಯುದ್ಧನೌಕೆಗಳು ಸಿದ್ಧವಾಗಿದ್ದವು. ಅವುಗಳ ಹಣದಲ್ಲಿ ಒಂದು ಭಾಗ ಜನಸಾಮಾನ್ಯರು ಕೊಟ್ಟ ಚಂದಾ. ನೌಕೆಗಳನ್ನು ತರಲು ತುರ್ಕಿ ನಾವಿಕರೂ ಅಲ್ಲಿಗೆ ತಲುಪಿದ್ದರು. ಅಷ್ಟರಲ್ಲಿ ಬ್ರಿಟನಿನ ನೌಕಾ ಮಂತ್ರಿ ಚರ್ಚಿಲ್ ಅವೆರಡನ್ನೂ ವಶಪಡಿಸಿಕೊಂಡರು. ಈ ಅನ್ಯಾಯವೇ ತುರ್ಕಿಯನ್ನು ಜರ್ಮನಿಯ ತೆಕ್ಕೆಗೆ ತಳ್ಳಿತು ಎಂದು ಹೇಳುವುದುಂಟು. ಆದರೆ ಜರ್ಮನಿಯೊಂದಿಗಿನ ಮಾತುಕತೆ ಅದಕ್ಕೂ ಮೊದಲೇ ಶುರುವಾಗಿತ್ತು.

ಆಗಸ್ಟ್ 10ರಂದು ಬ್ರಿಟಿಷ್ ನೌಕಾಪಡೆಯಿಂದ ತಪ್ಪಿಸಿಕೊಂಡ ಎರಡು ಜರ್ಮನ್ ಯುದ್ಧನೌಕೆಗಳು ದರ್ದನೆಲ್ಸ್ ಜಲಸಂಧಿಗೆ ಬಂದವು. ತುರ್ಕಿ ಅವನ್ನು ಕೊಂಡುಕೊಂಡಂತೆ ಕಾಗದದಲ್ಲಿ ತೋರಿಸಲಾಯಿತು. ದೊಡ್ಡ ನೌಕೆಗೆ ಯಾವುಝ್ ಸುಲ್ತಾನ್ ಸಲೀಮ್ ಎಂದು ಹೆಸರಿಟ್ಟರು. ಜರ್ಮನ್ ನಾವಿಕರು ತಲೆಗೆ ತುರ್ಕಿ ಟೋಪಿ ಇಟ್ಟುಕೊಂಡರು. ಜರ್ಮನ್ ಸೇನಾಧಿಪತಿ ಸೂಶೊನ್ ಉಸ್ಮಾನಿಯಾ ನೌಕಾದಳದ ಮುಖ್ಯಸ್ಥರಾದರು.

ಇಷ್ಟಾದರೂ ಮಂತ್ರಿಮಂಡಲದ ಬಹುಪಾಲು ಜನ ಮೂರು ತಿಂಗಳ ಕಾಲ ಯುದ್ಧವನ್ನು ಮುಂದೂಡುತ್ತಲೇ ಬಂದರು. ಅಕ್ಟೋಬರಿನಲ್ಲಿ ಜರ್ಮನಿಯಿಂದ ಚಿನ್ನ ಬಂದಿಳಿಯಿತು. ಅನ್ವರ್ ಪಾಶಾ ಸೂಶೊನ್‌ಗೆ ಗುಪ್ತ ಆದೇಶ ಕೊಟ್ಟರು. ಅಕ್ಟೋಬರ್ 29ರಂದು ಆ ನೌಕೆಗಳು ಯುದ್ಧ ಘೋಷಿಸದೆಯೇ ಕಪ್ಪು ಸಮುದ್ರದ ಒಡೆಸ್ಸಾ, ಸೆವಸ್ತೊಪೋಲ್ ಮುಂತಾದ ರಶ್ಯನ್ ಬಂದರುಗಳ ಮೇಲೆ ಗುಂಡು ಹಾರಿಸಿದವು. ಅದು ಬಕ್ರೀದ್ ಸಮಯ. ಹಬ್ಬದ ಗಡಿಬಿಡಿಯಲ್ಲಿದ್ದ ಮಂತ್ರಿಗಳಿಗೆ ತಮ್ಮ ದೇಶ ಯುದ್ಧಕ್ಕಿಳಿದ ವಿಷಯ ಗುಂಡು ಹಾರಿದ ಮೇಲೆ ತಿಳಿಯಿತು. ಜಾವೀದ್ ಬೇ ಸೇರಿದಂತೆ ನಾಲ್ವರು ಮಂತ್ರಿಗಳು ರಾಜೀನಾಮೆ ಕೊಟ್ಟರು. ಸಈದ್ ಹಲೀಮ್ ಕೂಡಾ ರಾಜೀನಾಮೆಗೆ ಮುಂದಾಗಿ, ಒತ್ತಡಕ್ಕೆ ಮಣಿದು ಉಳಿದರು. ಇಸ್ಲಾಮೀ ಸಮಾಜದ ಬಗ್ಗೆ ಗಂಭೀರವಾಗಿ ಬರೆದ ಚಿಂತಕರೆಂದು ಇಂದಿಗೂ ಹೆಸರಿರುವ ಇವರು ಆ ದಿನ ಗಟ್ಟಿಯಾಗಿ ನಿಲ್ಲಬಹುದಿತ್ತು ಎಂದು ನನಗನಿಸುತ್ತದೆ.

ಧರ್ಮದ ಮಾತು ಬಂದದ್ದು ಇದೆಲ್ಲ ಮುಗಿದ ನಂತರ. ನವೆಂಬರ್ 14ರಂದು ಇಸ್ತಾಂಬುಲಿನ ಫಾತಿಹ್ ಮಸೀದಿಯಲ್ಲಿ ಜಿಹಾದಿನ ಫತ್ವಾಗಳನ್ನು ಓದಲಾಯಿತು. ಬ್ರಿಟನ್, ಫ್ರಾನ್ಸ್, ರಶ್ಯಗಳ ಆಳ್ವಿಕೆಯಲ್ಲಿದ್ದ ಮುಸ್ಲಿಮರೂ ಅವುಗಳ ವಿರುದ್ಧ ಏಳಬೇಕೆಂಬುದು ಅದರ ಕರೆ. ಜರ್ಮನಿ ಮತ್ತು ಆಸ್ಟ್ರಿಯಾ ಮಾತ್ರ ಮಿತ್ರರು! ಬೋಸ್ನಿಯಾದ ಮುಸ್ಲಿಮರನ್ನು ಆಳುತ್ತಿದ್ದದ್ದು ಅದೇ ಆಸ್ಟ್ರಿಯಾ ಎಂಬುದನ್ನು ಯಾರೂ ಕೇಳಲಿಲ್ಲ.

ಕರೆಗೆ ಓಗೊಟ್ಟವರು ಕಡಿಮೆ. ಹೈದರಾಬಾದಿನ ನಿಜಾಮರು ಬ್ರಿಟಿಷರಿಗೆ ನಿಷ್ಠರಾಗಿರುವಂತೆ ಮುಸ್ಲಿಮರಿಗೆ ಮನವಿ ಮಾಡಿದರು. 1915ರ ಫೆಬ್ರವರಿಯಲ್ಲಿ ಜಮಾಲ್ ಪಾಶಾರ ಸೇನೆ ಸಿನಾಯ್ ಮರಳುಗಾಡು ದಾಟಿ ಸೂಯೆಝ್ ಕಾಲುವೆಗೆ ಬಂದಾಗ ಎದುರಿಗೆ ನಿಂತವರಲ್ಲಿ ಹೆಚ್ಚಿನವರು ಭಾರತೀಯ ಸೈನಿಕರು. ಅವರಲ್ಲಿ ಮುಸ್ಲಿಮರೂ ಇದ್ದರು. ಮೈಸೂರು ಸಂಸ್ಥಾನದ ಅಶ್ವದಳವಾದ ಮೈಸೂರು ಲ್ಯಾನ್ಸರ್ಸ್ ಕೂಡಾ ಈಜಿಪ್ಟಿಗೆ ಹೋಗಿತ್ತು. 1918ರ ಸೆಪ್ಟೆಂಬರ್ 23ರಂದು ಜೋಧಪುರದ ದಳದೊಂದಿಗೆ ಹೈಫಾ ಪಟ್ಟಣವನ್ನು ತುರ್ಕರಿಂದ ಗೆದ್ದದ್ದು ಇದೇ ದಳ. ಅದೇ ಯುದ್ಧಕಾಲದಲ್ಲಿ, 1915ರ ಫೆಬ್ರವರಿಯಲ್ಲಿ, ಸಿಂಗಾಪುರದ ಭಾರತೀಯ ಮುಸ್ಲಿಮ್ ಸೈನಿಕರು ತಮ್ಮನ್ನು ತುರ್ಕರ ಮೇಲೆ ಕಳುಹಿಸುತ್ತಾರೆಂಬ ವದಂತಿಯಿಂದಲೂ ಕೆರಳಿ ದಂಗೆಯೆದ್ದರು. 47 ಮಂದಿಯನ್ನು ಗೋಡೆಗೆ ನಿಲ್ಲಿಸಿ ಬ್ರಿಟಿಷರು ಗುಂಡಿಟ್ಟು ಕೊಂದರು.

ತುರ್ಕಿಯ ಒಳಗೆ ಆದದ್ದು ಇನ್ನೂ ಘೋರ. 1914ರ ಡಿಸೆಂಬರಿನಲ್ಲಿ ಜರ್ಮನ್ ಸೇನಾಧಿಕಾರಿಯೊಬ್ಬರ ಎಚ್ಚರಿಕೆಯನ್ನೂ ಕೇಳದೆ ಅನ್ವರ್ ಪಾಶಾ ರಶ್ಯದ ಗಡಿಯ ಸರಿಕಾಮಿಶ್ ಕಡೆ ಸೇನೆ ನಡೆಸಿದರು. ಸೈನಿಕರಿಗೆ ಚಳಿಗೆ ತಕ್ಕ ಬಟ್ಟೆ, ಬೂಟು ಇರಲಿಲ್ಲ. ದಾರಿಯಲ್ಲಿದ್ದ ಪರ್ವತಗಳ ಹೆಸರೇ ಅಲ್ಲಾಹು ಅಕ್ಬರ್. ಆ ಹಿಮದಲ್ಲಿ ಸಾವಿರಾರು ಜನ ರಶ್ಯನ್ನರನ್ನು ಕಾಣುವ ಮೊದಲೇ ಹೆಪ್ಪುಗಟ್ಟಿ ಸತ್ತರು. ಕೆಲವೇ ವಾರಗಳಲ್ಲಿ ಆ ಸೇನೆಯ ಬಹುಭಾಗ ಇಲ್ಲವಾಯಿತು.

ಸೋಲಿನ ಸಿಟ್ಟು ಆರ್ಮೇನಿಯನ್ನರ ಮೇಲೆ ತಿರುಗಿತು. 1915ರ ಏಪ್ರಿಲ್ 24ರಂದು ಇಸ್ತಾಂಬುಲಿನಲ್ಲಿ ಅವರ ಮುಖಂಡರ ಬಂಧನ ಆರಂಭವಾಯಿತು. ನಂತರ ಹೆಂಗಸರು, ಮಕ್ಕಳೆನ್ನದೆ ಊರಿಗೆ ಊರನ್ನೇ ಸಿರಿಯಾದ ಮರುಭೂಮಿಯತ್ತ ನಡೆಸಲಾಯಿತು. ಸತ್ತವರ ಅಂದಾಜು ಆರು ಲಕ್ಷದಿಂದ ಹದಿನೈದು ಲಕ್ಷದವರೆಗಿದೆ. ಆದೇಶ ಪಾಲಿಸದ ಮುಸ್ಲಿಮ್ ಅಧಿಕಾರಿಗಳೂ ಇದ್ದರು. ಅಲೆಪ್ಪೊ ಮತ್ತು ನಂತರ ಕೊನ್ಯಾದ ಗವರ್ನರ್ ಆಗಿದ್ದ ಜಲಾಲ್ ಬೇ ಸಾವಿರಾರು ಜನರನ್ನು ಉಳಿಸಿ ಹುದ್ದೆ ಕಳೆದುಕೊಂಡರು. ನಮ್ಮ ಬರಹಗಳಲ್ಲಿ ಅನ್ವರ್ ಪಾಶಾರ ಹೆಸರು ಬಂದಷ್ಟು ಈ ಜಲಾಲ್ ಬೇಯ ಹೆಸರು ಬಂದಿಲ್ಲ.

ಅರಬ್ ನಾಡುಗಳಲ್ಲಿ ಈ ಕಾಲಕ್ಕೆ ಇಂದಿಗೂ 'ಸಫರ್‌ಬರ್ಲಿಕ್' ಎನ್ನುತ್ತಾರೆ. ತುರ್ಕಿ ಭಾಷೆಯಲ್ಲಿ ಅದಕ್ಕೆ ಸೇನಾ ಜಮಾವಣೆ ಎಂದರ್ಥ. ಅರಬರ ನೆನಪಿನಲ್ಲಿ ಅದು ಹಸಿವಿನ ಹೆಸರು. ಮಿಡತೆಗಳ ದಾಳಿ, ಶತ್ರುಗಳ ಸಮುದ್ರ ದಿಗ್ಬಂಧನ, ಸೇನೆಯ ಧಾನ್ಯ ವಸೂಲಿ ಒಟ್ಟಾಗಿ ಲೆಬನಾನ್ ಪರ್ವತ ಪ್ರದೇಶದ ಜನರಲ್ಲಿ ಸುಮಾರು ಮೂರನೆಯ ಒಂದು ಭಾಗವನ್ನು ಕೊಂದವೆಂದು ಅಂದಾಜು. ಉಸ್ಮಾನಿಯಾ ಸೈನಿಕರಲ್ಲಿ ಸತ್ತವರು ಸುಮಾರು 7.7 ಲಕ್ಷ. ಅರ್ಧಕ್ಕಿಂತ ಹೆಚ್ಚು ಮಂದಿ ಕಾಯಿಲೆಯಿಂದ ಸತ್ತವರು.

1918ರ ಅಕ್ಟೋಬರ್ 30ರಂದು ತುರ್ಕಿ ಸೋಲೊಪ್ಪಿತು. ಮೂರೇ ದಿನಗಳಲ್ಲಿ ಅನ್ವರ್, ತಲ್‌ಅತ್, ಜಮಾಲ್ ಮೂವರೂ ಜರ್ಮನ್ ಹಡಗಿನಲ್ಲಿ ರಾತ್ರೋರಾತ್ರಿ ದೇಶ ಬಿಟ್ಟರು. 1922ರ ಆಗಸ್ಟ್ ಮುಗಿಯುವಷ್ಟರಲ್ಲಿ ಮೂವರೂ ಹೊರನಾಡಿನಲ್ಲಿ ಕೊಲ್ಲಲ್ಪಟ್ಟಿದ್ದರು. ಸಈದ್ ಹಲೀಮ್ 1921ರಲ್ಲಿ ರೋಮಿನಲ್ಲಿ ಹಂತಕನ ಗುಂಡಿಗೆ ಬಲಿಯಾದರು. ಯುದ್ಧ ಬೇಡವೆಂದು ರಾಜೀನಾಮೆ ಕೊಟ್ಟಿದ್ದ ಜಾವೀದ್ ಬೇಯನ್ನು ಮುಸ್ತಫಾ ಕಮಾಲ್ ವಿರುದ್ಧ ಸಂಚಿನ ಆರೋಪದಲ್ಲಿ 1926ರಲ್ಲಿ ಗಲ್ಲಿಗೇರಿಸಲಾಯಿತು.

ಆ ಯುದ್ಧದಲ್ಲಿ ಅಧಿಕಾರಿಯಾಗಿದ್ದ ಇಸ್ಮತ್ ಇನೋನು ಎರಡನೇ ಮಹಾಯುದ್ಧದ ಹೊತ್ತಿಗೆ ತುರ್ಕಿಯ ಅಧ್ಯಕ್ಷರಾಗಿದ್ದರು. 1943ರಲ್ಲಿ ಚರ್ಚಿಲ್ ಅವರೇ ಅದನಾ ನಗರಕ್ಕೆ ಬಂದು ಕೇಳಿದರೂ ಅವರು ಯುದ್ಧಕ್ಕೆ ಇಳಿಯಲಿಲ್ಲ. ಸೋಲು-ಗೆಲುವು ಖಚಿತವಾದ ಮೇಲೆ, 1945ರ ಫೆಬ್ರವರಿಯಲ್ಲಿ, ಹೆಸರಿಗೆ ಯುದ್ಧ ಘೋಷಿಸಿದರು. 2003ರಲ್ಲಿ ಇರಾಕ್ ಮೇಲೆ ದಾಳಿ ಮಾಡಲು ಅಮೆರಿಕ ತನ್ನ 62,000 ಸೈನಿಕರಿಗೆ ತುರ್ಕಿಯ ನೆಲದಲ್ಲಿ ಜಾಗ ಕೇಳಿತು. ಸರಕಾರ ಒಪ್ಪಿತ್ತು. ಆದರೆ ಈ ಬಾರಿ ವಿಷಯ ಸಂಸತ್ತಿನ ಮುಂದೆ ಬಂತು. ಮಾರ್ಚ್ 1ರಂದು ಪರವಾಗಿ 264, ವಿರುದ್ಧ 250 ಮತಗಳು ಬಿದ್ದವು. 19 ಮಂದಿ ತಟಸ್ಥರಾದರು. ಹಾಜರಿದ್ದವರ ಬಹುಮತಕ್ಕೆ ಮೂರು ಮತ ಕಡಿಮೆಯಾಗಿ ಪ್ರಸ್ತಾವ ಬಿದ್ದುಹೋಯಿತು.