ಸರ್ಕಾರದ ಕಿವಿ

ಸಿಗಂದೂರಿನಿಂದ ಸಾಗರಕ್ಕೆ ಬಂದು ತಾಳಗುಪ್ಪದ ಹಾದಿ ಹಿಡಿದರೆ ಸಿದ್ದಾಪುರದ ಸೀಮೆ. ಅಲ್ಲಿಯ ರಾಮಕೃಷ್ಣ ಹೆಗಡೆಯವರು 1988ರಲ್ಲಿ ದೂರವಾಣಿ ಕದ್ದಾಲಿಕೆಯ ಆರೋಪದಿಂದ ಮುಖ್ಯಮಂತ್ರಿ ಪದವಿ ಬಿಟ್ಟುದು ಹಿರಿಯರಿಗೆ ನೆನಪಿದ್ದೀತು. ಅಂಥ ಅಧಿಕಾರದ ಬೇರು 1885ರ ತಂತಿ ಕಾಯಿದೆಯಲ್ಲಿತ್ತು. ಬ್ರಿಟಿಷರು ಹೋದರೂ ಅವರ ಕಿವಿ ಇಲ್ಲೇ ಉಳಿದಿತ್ತು!

ಕದ್ದು ಕೇಳಿದರೂ ತಿಳಿಯದಂತೆ ಮಾತನ್ನು ಗೂಢಲಿಪಿಗೆ ತಿರುಗಿಸುವ ವಿದ್ಯೆ ಈಗ ಜನರ ಫೋನುಗಳಲ್ಲೇ ಇದೆ. ಸರ್ಕಾರಕ್ಕೆ ತಳಮಳವಾಗದಿದ್ದೀತೆ? 2015ರ ಸೆಪ್ಟೆಂಬರಿನಲ್ಲಿ ಕೇಂದ್ರ ಹೊರಡಿಸಿದ ಕರಡು ನೀತಿಯಂತೆ, ಗೂಢಲಿಪಿಯಲ್ಲಿ ಕಳಿಸಿದ್ದರ ಮೂಲಪ್ರತಿಯನ್ನು ಪ್ರಜೆ 90 ದಿನ ಕಾದಿಟ್ಟು, ಕೇಳಿದಾಗ ಒಪ್ಪಿಸಬೇಕಿತ್ತು. ಹೆಂಡತಿಗೆ ಕಾಗದ ಬರೆದವನು ಪೊಲೀಸರಿಗೂ ಒಂದು ನಕಲು ತೆಗೆದಿಡಬೇಕೆಂದ ಹಾಗೆ! ಗದ್ದಲವೆದ್ದಿತು, ಕರಡನ್ನು ಕೂಡಲೇ ಹಿಂತೆಗೆದುಕೊಂಡರು.

ಖಾಸಗಿತನ ಮೂಲಭೂತ ಹಕ್ಕೆಂದು 2017ರಲ್ಲಿ ಸುಪ್ರೀಂ ಕೋರ್ಟು ಸಾರಿದ ಮೊಕದ್ದಮೆ ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರದು. ಆದರೂ ತಂತಿ ಕಾಯಿದೆಯ ಸ್ಥಾನಕ್ಕೆ ಬಂದ 2023ರ ದೂರಸಂಪರ್ಕ ಕಾಯಿದೆಯಲ್ಲೂ ಆ ಕಿವಿಗೆ ಜಾಗ ಉಳಿದಿದೆ.